ಪ್ರೇಮಲೋಕಕ್ಕೆ ಸಿಳ್ಳೆ, ಟ್ರ್ಯಾಕ್ಟರ್ ಹಾಡಿಗೆ ಸಿಡುಕು ಯಾಕ್ರೀ?

ಮೊದಲೇ ಹೇಳಿಬಿಡ್ತೀನಿ. 1987ರಲ್ಲಿ ಬಂದ ‘ಪ್ರೇಮಲೋಕ’ದ ಹಾಡುಗಳು ಇವತ್ತಿಗೂ ಉಳಿದಿರೋದು ಹಳೇ ನೆನಪಿನ ದಯೆಯಿಂದ ಅಲ್ಲ. ಯಂತ್ರದಿಂದ ಹೊರಡೋ ಸದ್ದಿನ ಮೇಲೆ ಜನ ಆಡೋ ಕನ್ನಡವನ್ನ ಕೂರಿಸಿದ ಕೆಲಸ ಅದು. ಕೆಲಸ ಗಟ್ಟಿಯಾಗಿತ್ತು, ಅದಕ್ಕೇ ಉಳೀತು. ಇವತ್ತು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹುಡುಗರು ಸಣ್ಣ ಕೋಣೆಯಲ್ಲಿ ಒಂದು ಕೀಬೋರ್ಡು, ಒಂದು ಲ್ಯಾಪ್‌ಟಾಪು ಇಟ್ಕೊಂಡು ಅದೇ ಕೆಲಸಕ್ಕೆ ಕೈ ಹಾಕಿದ್ದಾರೆ. ಮೊದಲನೇದಕ್ಕೆ ನೀವು ‘ಎವರ್‌ಗ್ರೀನ್’ ಅಂತೀರಿ. ಎರಡನೇದಕ್ಕೆ ‘ಟ್ರ್ಯಾಕ್ಟರ್ ಮ್ಯೂಸಿಕ್’ ಅಂತೀರಿ. ನನ್ನ ಜಗಳ ಇರೋದು ಈ ಎರಡು ತಕ್ಕಡಿಯ ಬಗ್ಗೆ.

‘ನೀವು’ ಅಂದ್ರೆ ಯಾರು ಅಂತ ಕೇಳಬಹುದು. ನನ್ನ ಜೊತೆ ಕೂತು ಕೋಡ್ ಬರೆಯೋರು, ಒಂದೇ ಕ್ಯಾಬಿನಲ್ಲಿ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಕೊಳೆಯೋರು, ವಾರಾಂತ್ಯಕ್ಕೆ ಪ್ಲೇಲಿಸ್ಟ್ ಹಂಚಿಕೊಳ್ಳೋರು. ಒಂದು ನವೆಂಬರಿನಲ್ಲಿ ನಮ್ಮ ಆಫೀಸಿನ ರಾಜ್ಯೋತ್ಸವಕ್ಕೆ ಹಾಡಿನ ಪಟ್ಟಿ ಮಾಡೋಕೆ ಆರು ಜನ ಕೂತಿದ್ವಿ. ಪ್ರೇಮಲೋಕದ ಎರಡು ಹಾಡು ಚರ್ಚೆಯೇ ಇಲ್ಲದೆ ಒಳಗೆ ಬಂದವು. ನಮ್ಮ ಕಡೆ ಹುಡುಗರು ಮಾಡಿದ ಒಂದು ಹಾಡು ಸೇರಿಸೋಣ ಅಂದೆ. ಅರ್ಧ ನಿಮಿಷ ಕೇಳಿದರು. ಒಬ್ಬ ನಕ್ಕು, “ಮಗಾ, ಇದು ಕಬ್ಬಿನ ಟ್ರ್ಯಾಕ್ಟರಲ್ಲಿ ಹಾಕೋದು ಕಣೋ, ಸ್ಟೇಜಿಗೆ ಕ್ಲಾಸ್ ಆಗಿರೋದು ಬೇಕು” ಅಂದ. ಯಾಕೆ ಕ್ಲಾಸ್ ಇಲ್ಲ ಅಂತ ಕೇಳಿದ್ದಕ್ಕೆ ಮೂರು ಉತ್ತರ ಬಂತು: ಎಲ್ಲಾ ಕೀಬೋರ್ಡು, ಒಂದೇ ಬೀಟು, ಭಾಷೆ ಒರಟು.

ಈ ಮೂರೂ ಮಾತನ್ನ ಪ್ರೇಮಲೋಕದ ಮೇಲೂ ಹಾಕಬಹುದು. ಹಂಸಲೇಖ ಅವರ ಹಾಡುಗಳಿಗೆ ‘ಇದೇನು ಸಾಹಿತ್ಯನಾ, ಇದೇನು ಸಂಗೀತನಾ’ ಅಂತ ಮೂಗು ಮುರಿದ ಹಿರಿಯರು ನಿಮ್ಮ ಮನೆಯಲ್ಲೇ ಇರ್ತಾರೆ, ಕೇಳಿ ನೋಡಿ. ಅದೇ ಹಂಸಲೇಖ 2023ರಲ್ಲಿ ಚಾಮುಂಡಿ ಬೆಟ್ಟದ ಮೇಲೆ ಮೈಸೂರು ದಸರಾ ಉದ್ಘಾಟನೆ ಮಾಡಿದರು. ಬೈಗುಳದಿಂದ ಬೆಟ್ಟಕ್ಕೆ ಹೋಗೋಕೆ ಮೂವತ್ತಾರು ವರ್ಷ ಬೇಕಾಯ್ತು. ನಮ್ಮ ಹುಡುಗರೂ ಅಷ್ಟು ವರ್ಷ ಕಾಯಬೇಕೇನು?

ಮೊದಲು ಆ ನೆನಪಿನ ವಾದವನ್ನ ಮುಗಿಸೋಣ. ‘ನೈಂಟೀಸ್ ಕಿಡ್ಸ್‌ಗೆ ಮಾತ್ರ ಅರ್ಥ ಆಗೋದು’ ಅಂತ ಒಂದು ರೂಢಿಯ ಮಾತಿದೆಯಲ್ಲ, ಅದು ಸುಳ್ಳು. ಪ್ರೇಮಲೋಕ ಬಂದಾಗ ನಾನು ಹುಟ್ಟೇ ಇರಲಿಲ್ಲ. ಆ ಸಿನಿಮಾ ನಾನು ನೋಡಿದ್ದು ಪಿಯುಸಿ ಮುಗಿದ ಮೇಲೆ, ಟಿವಿಯಲ್ಲಿ, ಜಾಹೀರಾತುಗಳ ನಡುವೆ. ಹಾಡು ಕೇಳಿದ್ದು ಮಾತ್ರ ಅದಕ್ಕಿಂತ ಎಷ್ಟೋ ಮುಂಚೆ, ಹುಕ್ಕೇರಿಯಿಂದ ಘಟಪ್ರಭಾಕ್ಕೆ ಹೋಗೋ ಟ್ರ್ಯಾಕ್ಸಿನಲ್ಲಿ. ಹಿಂದಿನ ಸೀಟಿನಲ್ಲಿ ಎಂಟು ಜನ, ಮೇಲೆ ಕ್ಯಾರಿಯರಿನಲ್ಲಿ ಐದು ಜನ, ಮುಂದೆ ಡ್ರೈವರ್ ಕಾಕಾನ ಟೇಪು. ಅಂಗಡಿಯವನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಟ್ಟ ಹಾಡು. ಕವರಿನ ಮೇಲೆ ಸಿನಿಮಾದ ಚಿತ್ರವೂ ಇಲ್ಲ, ಹಾಡಿದವರ ಹೆಸರೂ ಇಲ್ಲ. ಚಿತ್ರ ನೋಡದೆ, ನಟ ಯಾರು ಅಂತ ಗೊತ್ತಿಲ್ಲದೆ, ಕಾಲೇಜು ಅಂದ್ರೇನು ಅಂತಲೂ ಗೊತ್ತಿಲ್ಲದೆ ಐದನೇ ಇಯತ್ತೆಯ ಹುಡುಗರು ಆ ಹಾಡು ಗುನುಗ್ತಿದ್ವಿ. ನೆನಪೇ ಇಲ್ಲದವರಿಗೆ ಹಿಡಿಸೋದನ್ನ ನಾಸ್ಟಾಲ್ಜಿಯಾ ಅಂತ ಕರೆದರೆ ಅದು ಮಾಡಿದವರ ಕಸುಬಿಗೆ ಮಾಡೋ ಅವಮಾನ.

ಹಾಗಾದ್ರೆ ಹಿಡಿಸಿದ್ದು ಯಾವುದು?

ಮೊದಲು ಸದ್ದು. 1983ರಲ್ಲಿ ಎರಡು ಸಂಗತಿ ಆದವು. ಯಮಹಾ ಕಂಪನಿ ಡಿಎಕ್ಸ್7 ಅನ್ನೋ ಸಿಂಥಸೈಜರ್ ಮಾರುಕಟ್ಟೆಗೆ ಬಿಟ್ಟಿತು. ಅದೇ ವರ್ಷ ಬೇರೆ ಬೇರೆ ಕಂಪನಿಗಳ ಕೀಬೋರ್ಡು, ಡ್ರಮ್ ಮಷೀನು ಒಂದಕ್ಕೊಂದು ಮಾತಾಡೋಕೆ ಮಿಡಿ ಅನ್ನೋ ಪ್ರೊಟೊಕಾಲ್ ಬಂತು. ಯಾವ ಸ್ವರ, ಎಷ್ಟು ಜೋರು, ಯಾವಾಗ ಶುರು, ಯಾವಾಗ ನಿಲ್ಲಿಸು ಅನ್ನೋದನ್ನ ಸೊನ್ನೆಯಿಂದ 127ರವರೆಗಿನ ಅಂಕಿಗಳಲ್ಲಿ ಕಳಿಸೋ ಸರಳ ವ್ಯವಸ್ಥೆ. ನಾವು ಬರೆದ ಎಪಿಐ ಎರಡು ವರ್ಷಕ್ಕೆ ಹಳತಾಗ್ತದೆ. ಮಿಡಿ ನಾಲ್ಕು ದಶಕದಿಂದ ಹೆಚ್ಚುಕಮ್ಮಿ ಅದೇ ರೂಪದಲ್ಲಿ ನಡೀತಾ ಇದೆ. ಎಂಜಿನಿಯರಿಂಗ್ ಓದಿದ ಯಾರಿಗಾದ್ರೂ ಇದು ಕೈ ಮುಗಿಯೋ ವಿಷಯ.

ಈ ಯಂತ್ರಗಳಿಂದ ಏನು ಬದಲಾಯ್ತು ಅಂದ್ರೆ, ಹಾಡು ಮಾಡೋಕೆ ಬೇಕಾದ ಜನರ ಲೆಕ್ಕ. ಮೊದಲು ಒಂದು ಹಾಡಿಗೆ ಇಪ್ಪತ್ತು ವಯೊಲಿನ್ನು, ಗಾಳಿವಾದ್ಯ, ತಬಲಾ, ಢೋಲಕ್ಕು, ಎಲ್ಲರೂ ಒಂದೇ ದಿನ ಒಂದೇ ಹಾಲಿನಲ್ಲಿ ಸೇರಬೇಕಿತ್ತು. ಯಂತ್ರ ಬಂದ ಮೇಲೆ ಇಬ್ಬರು ಸಾಕಾಯ್ತು. ಒಬ್ಬರಿಗೆ ಹೇಳೋ ಮಾತಿದ್ದರೆ, ಇನ್ನೊಬ್ಬರಿಗೆ ಸದ್ದಿನ ಕೈಚಳಕ ಇದ್ದರೆ ಮುಗೀತು. ಇಂಗ್ಲೆಂಡಿನಲ್ಲಿ ಆ ಕಾಲದ ಸಿಂಥ್ ಪಾಪ್ ತುಂಬಾ ಇಂಥ ಜೋಡಿಗಳೇ. ಯುರಿಥ್ಮಿಕ್ಸ್ ಜೋಡಿ, ಆನಿ ಲೆನಾಕ್ಸ್ ಮತ್ತು ಡೇವ್ ಸ್ಟೀವರ್ಟ್, 1983ರ ‘ಸ್ವೀಟ್ ಡ್ರೀಮ್ಸ್’ ಆಲ್ಬಮ್ಮಿನ ಬಹುಪಾಲನ್ನ ಬ್ಯಾಂಕ್ ಸಾಲ ತೆಗೆದು, ಎಂಟು ಟ್ರ್ಯಾಕಿನ ಸಣ್ಣ ರೆಕಾರ್ಡರಿನಲ್ಲಿ, ಲಂಡನ್ನಿನಲ್ಲಿ ಚಿತ್ರಕ್ಕೆ ಚೌಕಟ್ಟು ಹಾಕೋ ಜಾಗದ ಮೇಲಿನ ಕೋಣೆಯಲ್ಲಿ ಮಾಡಿದರು. ಅದೇ ಅವರನ್ನ ಜಗತ್ತಿಗೆ ಪರಿಚಯಿಸಿದ ಆಲ್ಬಮ್ಮು. ನಮ್ಮ ಉಪಖಂಡದಲ್ಲಿ ಅದಕ್ಕೂ ಮೊದಲು, 1981ರಲ್ಲಿ, ನಾಜಿಯಾ ಹಸನ್–ಜೊಹೇಬ್ ಹಸನ್ ಅನ್ನೋ ಪಾಕಿಸ್ತಾನದ ಅಕ್ಕ–ತಮ್ಮನ ‘ಡಿಸ್ಕೊ ದೀವಾನೆ’ ಬಂತು. ಅದರ ಹಿಂದೆ ಇದ್ದ ಬಿದ್ದು ಅಪ್ಪಯ್ಯ ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. 1974ರಲ್ಲಿ ‘ಕುಂಗ್ ಫು ಫೈಟಿಂಗ್’ ಹಾಡಿನಿಂದ ಜಗತ್ತನ್ನೇ ಕುಣಿಸಿದ್ದರೂ ಅವರೇ. ಅಂದ್ರೆ ಯಂತ್ರದ ಸಂಗೀತ ನಮಗೆ ಪರದೇಶದ ರೋಗ ಅಂತ ಹೇಳೋಕೆ ಬರೋದಿಲ್ಲ. ನಮ್ಮವರ ಕೈಯೂ ಅದರಲ್ಲಿ ಮೊದಲಿಂದ ಇದೆ.

ಕನ್ನಡದಲ್ಲಿ ಆ ಜೋಡಿ ಅಂದ್ರೆ ರವಿಚಂದ್ರನ್ ಮತ್ತು ಹಂಸಲೇಖ. ರವಿಚಂದ್ರನ್ ಸಂಗೀತಗಾರ ಅಲ್ಲವಲ್ಲ ಅಂತೀರಾ? ಇರಲಿ. ಹಾಡನ್ನ ಸಿನಿಮಾದ ನಡುವಿನ ಚಹಾ ವಿರಾಮ ಅಂತ ನೋಡದೆ, ಹಾಡಿನಲ್ಲೇ ಕತೆ ಹೇಳ್ತೀನಿ ಅಂತ ಹಠ ಹಿಡಿದವರು ಅವರು. ಮಗನ ಹಠಕ್ಕೆ ದುಡ್ಡು ಹಾಕಿದ್ದು ‘ನಾಗರಹಾವು’ ನಿರ್ಮಿಸಿದ್ದ ಅಪ್ಪ ಎನ್. ವೀರಾಸ್ವಾಮಿ. ‘ಪರುವ ರಾಗಂ’ ಅಂತ ತಮಿಳಿನಲ್ಲೂ ಒಟ್ಟಿಗೇ ತೆಗೆದರು. ಹಂಸಲೇಖ ಅಲ್ಲಿಗೆ ಬರೋ ಹೊತ್ತಿಗೆ ನಾಟಕ, ಆರ್ಕೆಸ್ಟ್ರಾ ಅಂತ ದುಡಿದು ಹದವಾಗಿದ್ದರು. ಒಂದು ಸಿನಿಮಾಕ್ಕೆ ಹತ್ತು–ಹನ್ನೊಂದು ಹಾಡು, ಎಲ್ಲಕ್ಕೂ ಮಾತು ಅವರದೇ, ರಾಗವೂ ಅವರದೇ. ಲಹರಿ ಸಂಸ್ಥೆ ತಂದ ಕ್ಯಾಸೆಟ್ಟು ಥಿಯೇಟರೇ ಇಲ್ಲದ ಹಳ್ಳಿಗೂ ಹೋಯ್ತು.

ಎರಡನೇದು ಮಾತು, ಮತ್ತು ನನ್ನ ಪ್ರಕಾರ ಇದೇ ಮುಖ್ಯ. ಮಾತು ಬರೆದವರೂ ರಾಗ ಹಾಕಿದವರೂ ಬೇರೆ ಬೇರೆ ಇದ್ದಾಗ ಒಂದು ತೊಂದರೆ ಇರ್ತದೆ. ದೀರ್ಘ ಇರೋ ಜಾಗದಲ್ಲಿ ರಾಗ ಓಡಿಬಿಡ್ತದೆ, ಹ್ರಸ್ವ ಇರೋ ಜಾಗದಲ್ಲಿ ಎಳೀತದೆ. ಕೇಳೋನಿಗೆ ಪದ ಬಾಯಿಗೆ ಸಿಗೋದಿಲ್ಲ. ಪ್ರೇಮಲೋಕದಲ್ಲಿ ಒಂದೇ ತಲೆ ಎರಡನ್ನೂ ಮಾಡಿದ್ದಕ್ಕೆ ಪ್ರತಿ ಅಕ್ಷರ ಬೀಟಿನ ಮೇಲೆ ಸರಿಯಾಗಿ ಬೀಳ್ತದೆ. ಒತ್ತಕ್ಷರ ಬರೋ ಕಡೆ ಡ್ರಮ್ಮಿನ ಪೆಟ್ಟು ಇರ್ತದೆ. ಪ್ರಾಸಗಳು ಶಾಲೆಯ ಪದ್ಯದ ಪ್ರಾಸಗಳಂತೆ ಗಂಭೀರವಾಗಿ ನಿಲ್ಲೋದಿಲ್ಲ, ಹುಡುಗರು ಕಟ್ಟೆ ಮೇಲೆ ಕೂತು ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಸೇರಿಸೋ ಥರ ಓಡ್ತವೆ. ಹುಡುಗಿಯನ್ನ ಹುಣ್ಣಿಮೆ, ಕಮಲ ಅಂತ ಹೊಗಳೋ ಪದ್ಧತಿ ಬಿಟ್ಟು ನಿಂಬೆಹಣ್ಣಿಗೆ ಹೋಲಿಸಿದ ಹಾಡು ಅದರಲ್ಲಿದೆ. ನಿಂಬೆಹಣ್ಣು ಎಲ್ಲಿ ಸಿಗ್ತದೆ? ಸಂತೆಯಲ್ಲಿ. ಆ ಸಂತೆಯ ಕನ್ನಡವನ್ನ ಅತ್ಯಂತ ಹೊಸ ಯಂತ್ರದ ಪಕ್ಕ ತಂದು ನಿಲ್ಲಿಸಿದ್ದೇ ಪ್ರೇಮಲೋಕದ ಸಾಹಸ. ಯಂತ್ರ ಹೊಸದು, ಮಾತು ಮನೆಯದು. ಅದರ ಮೇಲೆ ಎಸ್‌ಪಿಬಿ, ಜಾನಕಿ, ಜೇಸುದಾಸ್ ಅವರ ಬೆಚ್ಚನೆ ಗಂಟಲು.

ಮೂರನೇದು, ಹಾಡಿನಲ್ಲೇ ಮಾತುಕತೆ. ಅವನು ಕೇಳ್ತಾನೆ, ಅವಳು ತಿರುಗಿ ಹೇಳ್ತಾಳೆ, ಗೆಳೆಯರು ನಡುವೆ ಬಾಯಿ ಹಾಕ್ತಾರೆ. ಇದನ್ನ ಬೆಂಗಳೂರಿನವರು ‘ಮ್ಯೂಸಿಕಲ್’ ಅಂತಾರೆ, ಹಾಲಿವುಡ್ಡಿನಿಂದ ಬಂತು ಅಂತಾರೆ. ನಮ್ಮ ಕಡೆ ಅಜ್ಜಂದಿರನ್ನ ಕೇಳಿದ್ರೆ ಬೇರೆ ಉತ್ತರ ಬರ್ತದೆ. ಈಗ ಮೂಡಲಗಿ ತಾಲ್ಲೂಕಿನಲ್ಲಿರೋ ಕುಲಗೋಡದ ತಮ್ಮಣ್ಣ ಹತ್ತೊಂಬತ್ತನೇ ಶತಮಾನದಲ್ಲಿ ತಿದ್ದಿ ಬೆಳೆಸಿದ ‘ಶ್ರೀಕೃಷ್ಣ ಪಾರಿಜಾತ’ ಏನು ಮತ್ತೆ? ಕೃಷ್ಣ–ಸತ್ಯಭಾಮೆ ಜಗಳ ಆಡೋದು ಹಾಡಿನಲ್ಲಿ, ದೂತಿ ಚಾಡಿ ಹೇಳೋದು ಹಾಡಿನಲ್ಲಿ, ಗೊಲ್ಲತಿ ದಾರಿ ಬಿಡು ಅನ್ನೋದು ಹಾಡಿನಲ್ಲಿ, ಭಾಗವತ ನಡುವೆ ಬಾಯಿ ಹಾಕೋದೂ ಹಾಡಿನಲ್ಲಿ. ಅದೇ ಸೀಮೆಯ ಕೌಜಲಗಿ ನಿಂಗಮ್ಮ ಆ ಆಟವನ್ನ ಊರೂರಿಗೆ ಒಯ್ದರು. ಹಾಡಿನಲ್ಲಿ ಮಾತಾಡೋ ಪ್ರೇಮಲೋಕ ನಮ್ಮ ಊರ ಜನಕ್ಕೆ ಪರಕೀಯ ಅನ್ನಿಸದೇ ಇರೋಕೆ ಕಾರಣ ಹುಡುಕೋಕೆ ಅಮೆರಿಕಾಗೆ ಹೋಗಬೇಕಾಗಿಲ್ಲ, ಕುಲಗೋಡಕ್ಕೆ ಬಂದ್ರೆ ಸಾಕು.

ಹೌದು, ಕತೆಯ ಎಳೆ 1982ರ ‘ಗ್ರೀಸ್ 2’ನಿಂದ ಬಂದದ್ದು. ಅದನ್ನ ಯಾರೂ ಮುಚ್ಚಿಡಬೇಕಾಗಿಲ್ಲ. ಆದ್ರೆ ಒಂದು ಲೆಕ್ಕ ಹೇಳಿ: ಆ ಇಂಗ್ಲಿಷ್ ಸಿನಿಮಾ ಗೊತ್ತಿಲ್ಲದ ಕೋಟ್ಯಂತರ ಕನ್ನಡಿಗರ ಬಾಯಲ್ಲಿ ಪ್ರೇಮಲೋಕ ಯಾಕೆ ಉಳೀತು? ಕತೆ ಎರವಲು ತರಬಹುದು. ಬಾಯಿಗೆ ಕೂರೋ ಕನ್ನಡವನ್ನ ಹಾಲಿವುಡ್ಡಿನಿಂದ ಎರವಲು ತರೋಕಾಗ್ತದಾ?

ಈಗ ನಮ್ಮ ಹುಡುಗರ ಕಡೆ ಬರೋಣ.

ನವೆಂಬರಿನಿಂದ ಮಾರ್ಚಿನವರೆಗೆ, ಕಬ್ಬು ಕಡಿಯೋ ಹಂಗಾಮಿನಲ್ಲಿ ಗೋಕಾಕ–ಮೂಡಲಗಿ ರಸ್ತೆಗೆ ಬನ್ನಿ. ಎರಡೆರಡು ಟ್ರಾಲಿ ಜೋಡಿಸಿದ ಟ್ರ್ಯಾಕ್ಟರುಗಳು ಫ್ಯಾಕ್ಟರಿ ಕಡೆ ಸಾಲಾಗಿ ಹೋಗ್ತಿರ್ತವೆ. ಡ್ರೈವರ್ ಸೀಟಿನ ಹಿಂದೆ ಸ್ಪೀಕರಿನ ಪೆಟ್ಟಿಗೆ. ಅದರಲ್ಲಿ ಬರೋ ಹಾಡಿಗೆ ನಮ್ಮ ಕಡೆ ‘ಜಾನಪದ’ ಅಂತಲೇ ಹೆಸರು, ಡಿಜೆ ಜಾನಪದ. ಅದರೊಳಗೆ ಏನಿರ್ತದೆ ಅಂತ ಬಿಡಿಸಿ ನೋಡಿ. ಕೆಳಗೆ ಕೀಬೋರ್ಡಿನ ಬೇಸು, ಅದರ ಮೇಲೆ ರಿದಮ್ ಪ್ಯಾಡಿನಲ್ಲಿ ಬಾರಿಸಿದ ಹಲಗಿ, ಡೊಳ್ಳಿನ ಪೆಟ್ಟು, ನಡುವೆ ಶಹನಾಯಿಯಂಥ ಒಂದು ಸಿಂಥ್ ಸದ್ದು. ಮಾತಿನಲ್ಲಿ ಅತ್ತಿ ಮಗಳು, ಸೋದರಮಾವ, ಟ್ರ್ಯಾಕ್ಟರಿನ ಕಂತು, ಮಿಸ್ ಕಾಲು, ಸರಕಾರಿ ನೌಕರಿ ಇದ್ದೋನನ್ನ ಮದುವಿಯಾಗಿ ಹೋದ ಹುಡುಗಿ. ಕಡೇ ವಿಷಯ ನೆನಪಿಡ್ರಿ. ಹೊಲ ಇದ್ದೂ ಹೆಣ್ಣು ಸಿಗದ ರೈತನ ಮಗನ ಸಂಕಟವನ್ನ ಪೇಪರಿನವರು ಬರೆಯೋ ಮೊದಲೇ ಈ ಹಾಡುಗಳು ಹಾಡಿದವು. ಅದೇ ಸಂಕಟ ಇಂಗ್ಲಿಷ್ ರ‍್ಯಾಪಿನಲ್ಲಿ ಬಂದಿದ್ರೆ ನೀವು ಅದಕ್ಕೆ ‘ರಾ’ ಅಂತಿದ್ರಿ, ‘ಅಥೆಂಟಿಕ್’ ಅಂತಿದ್ರಿ.

ನಮ್ಮ ಊರಲ್ಲಿ ಇಂಥ ಒಂದು ಜೋಡಿ ಇದೆ. ಒಬ್ಬ ಪಿಕಪ್ ಓಡಿಸ್ತಾನೆ, ಹಾಡು ಕಟ್ಟೋದು ಅವನೇ. ಇನ್ನೊಬ್ಬ ಮದುವಿ, ಜಾತ್ರಿ ರಸಮಂಜರಿಗಳಲ್ಲಿ ಕೀಬೋರ್ಡ್ ನುಡಿಸೋನು. ಮೊಬೈಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ, ಗೋಡೆಗೆ ಹಳೇ ಕೌದಿ ಹೊಡೆದು, ಫ್ಯಾನ್ ಆರಿಸಿ ರೆಕಾರ್ಡ್ ಮಾಡ್ತಾರೆ. ಬೇಸಿಗೆಯಲ್ಲಿ ಒಂದು ಹಾಡಿಗೆ ಎರಡು ಸಲ ಅಂಗಿ ಬದಲಿಸಬೇಕು. ರಾತ್ರಿಯೇ ಕೆಲಸ, ಯಾಕಂದ್ರೆ ಹಗಲಲ್ಲಿ ಕೆಳಗೆ ಹಾರ್ನಿನ ಗದ್ದಲ. ಕೀಬೋರ್ಡಿನ ಹುಡುಗನ ಬಳಿ ಒಮ್ಮೆ ಕೇಳಿದೆ, “ತಮ್ಮಾ, ಇದನ್ನ ಯಾರ ಹತ್ರ ಕಲ್ತಿ?” “ಎಣ್ಣಾ, ಹಂಸಲೇಖ ಅವರ ಹಾಡಿನ ಬೇಸ್ ಅಷ್ಟ ಕೇಳಕೋಂತ ಒಂದ್ ವರ್ಷ ಕುಂತೇನಿ” ಅಂದ. ಲಂಡನ್ನಿನ ಚೌಕಟ್ಟಿನ ಅಂಗಡಿ ಮೇಲಿನ ಕೋಣೆಯ ಕತೆ ಹೇಳಿದ್ರೆ ನಿಮ್ಮ ಕಣ್ಣು ಅರಳ್ತವೆ. ಮೊಬೈಲ್ ಅಂಗಡಿ ಮೇಲಿನ ಕೋಣೆ ಅಂದ್ರೆ ನಗು ಬರ್ತದೆ. ಯಾಕೆ ಅಂತ ಒಂದ್ಸಲ ನಿಮ್ಮನ್ನೇ ಕೇಳ್ಕೊಳ್ರಿ.

ಯಂತ್ರದ ಮೇಲಿನ ಸಿಟ್ಟು ಹೊಸದಲ್ಲ. 1982ರಲ್ಲಿ ಬ್ರಿಟನ್ನಿನ ಸಂಗೀತಗಾರರ ಸಂಘದ ಲಂಡನ್ ಶಾಖೆಯೊಂದು ಸಿಂಥಸೈಜರ್ ನಿಷೇಧಿಸಬೇಕು ಅಂತ ಗೊತ್ತುವಳಿ ಮಾಡಿತ್ತು. ನಮ್ಮಲ್ಲಿ ಅದಕ್ಕೂ ಮೊದಲೇ, 1940ರಲ್ಲಿ, ಆಕಾಶವಾಣಿಯವರು ಹಾರ್ಮೋನಿಯಂ ಅನ್ನೇ ಹೊರಗಿಟ್ಟರು: ಅದು ಪರದೇಶದ ಪೆಟ್ಟಿಗೆ, ಅದರಲ್ಲಿ ಗಮಕ ಹೊರಡೋದಿಲ್ಲ, ನಮ್ಮ ಸಂಗೀತ ಕೆಡಿಸ್ತದೆ ಅನ್ನೋ ವಾದ. ಆ ನಿಷೇಧ ಸಡಿಲಾಗೋಕೆ 1971 ಬರಬೇಕಾಯ್ತು. ಅಷ್ಟರಲ್ಲಿ ನಮ್ಮ ಊರುಗಳಲ್ಲಿ ಏನಾಯ್ತು? ಭಜನಿ ಮೇಳದ ನಡುವೆ ಹಾರ್ಮೋನಿಯಂ, ಪಾರಿಜಾತದ ಮೇಳದಲ್ಲಿ ಹಾರ್ಮೋನಿಯಂ. ಇವತ್ತು ಅದನ್ನ ತೆಗೆದರೆ ‘ಪರಂಪರೆ ಹಾಳು ಮಾಡ್ತಾರೆ’ ಅಂತ ನಾವೇ ಗಲಾಟೆ ಮಾಡ್ತೀವಿ. ಒಂದು ತಲೆಮಾರು ಹೊರಗಿಟ್ಟ ಯಂತ್ರ ಇನ್ನೊಂದು ತಲೆಮಾರಿಗೆ ದೇವರ ಕೋಣೆಯ ಸಾಮಾನು.

ಯಂತ್ರ ಹಿಡಿದೋನಿಗೆ ‘ನಿಜವಾದ ಸಂಗೀತ’ ಬರೋದಿಲ್ಲ ಅನ್ನೋರಿಗೆ ಒಂದೇ ಉದಾಹರಣೆ ಸಾಕು. ಪ್ರೇಮಲೋಕದ ಅದೇ ಹಂಸಲೇಖ 1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರದ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ತಗೊಂಡರು. ಗದಗಿನ ಗವಾಯಿಗಳ ರಾಗವನ್ನೂ, ಕಾಲೇಜು ಹುಡುಗರ ಕುಣಿತವನ್ನೂ ಕೊಟ್ಟಿದ್ದು ಒಂದೇ ಕಿವಿ.

ಹಂಗಂತ ನಮ್ಮ ಕಡೆಯ ಹಾಡೆಲ್ಲ ಚಿನ್ನ ಅಂತ ನಾನು ಹೇಳೋದಿಲ್ಲ. ನಮ್ಮವರು ಅನ್ನೋ ಒಂದೇ ಕಾರಣಕ್ಕೆ ಕಣ್ಣು ಮುಚ್ಚೋದು ಇನ್ನೊಂದು ಥರದ ಅವಮಾನ. ಹತ್ತು ಹಾಡಿನಲ್ಲಿ ಎಂಟಕ್ಕೆ ಒಂದೇ ಬೀಟು. ಕೀಬೋರ್ಡಿನ ಜೊತೆ ಬಂದ ಸದ್ದನ್ನ ಬದಲಿಸೋ ಗೋಜಿಗೆ ಹೋಗೋದಿಲ್ಲ. ಗಂಟಲಿಗೆ ಆಟೊಟ್ಯೂನ್ ಹಚ್ಚಿ ಹಚ್ಚಿ ಹಾಡೋನು ಯಾರು ಅಂತಲೇ ತಿಳಿಯೋದಿಲ್ಲ. ಒಬ್ಬರ ರಾಗಕ್ಕೆ ಇನ್ನೊಬ್ಬರು ಮಾತು ಬದಲಿಸಿ ಬಿಡ್ತಾರೆ. ಕೆಲವು ಹಾಡುಗಳಲ್ಲಿ ಕೈಕೊಟ್ಟ ಹುಡುಗಿಯನ್ನ ಬೈಯೋದು ಬಿಟ್ಟರೆ ಬೇರೆ ಮಾತೇ ಇಲ್ಲ. ಅಂಥವನ್ನ ನನ್ನ ತಂಗಿ ಮುಂದೆ ಹಾಕೋಕೆ ನನಗೂ ಆಗೋದಿಲ್ಲ, ಹಾಕಲೂಬಾರದು.

ಆದ್ರೆ ಈ ಪರೀಕ್ಷೆಯನ್ನ ಎಲ್ಲರಿಗೂ ಇಡ್ರಿ. ಹುಡುಗಿ ಹಿಂದೆ ಬಿದ್ದು ಕಾಡಿಸೋದೇ ಪ್ರೀತಿ ಅನ್ನೋ ಧಾಟಿ ಪ್ರೇಮಲೋಕದಲ್ಲಿ ಇಲ್ವಾ? ಆ ಕಾಲದ ಎಷ್ಟು ಸಿನಿಮಾದಲ್ಲಿ ಇಲ್ಲ? ಗೊಲ್ಲತಿಯ ದಾರಿಗೆ ಅಡ್ಡ ನಿಂತ ಕೃಷ್ಣನಿಂದ ಹಿಡಿದು ಕಾಲೇಜಿನ ಗೇಟಿನವರೆಗೆ ಅದೇ ಎಳೆ. ಒಂದನ್ನ ‘ತುಂಟತನ’ ಅಂತ, ಇನ್ನೊಂದನ್ನ ‘ಲಫಂಗತನ’ ಅಂತ ಕರೆಯೋಕೆ ಕಾರಣ ಮಾತಿನ ಅರ್ಥ ಅಲ್ಲ. ಆ ಮಾತು ಯಾವ ಬಾಯಿಂದ, ಯಾವ ಜಿಲ್ಲೆಯ ಕನ್ನಡದಲ್ಲಿ ಬಂತು ಅನ್ನೋದು. ನನ್ನ ಜಗಳದ ಬೇರು ಅಲ್ಲಿದೆ. ‘ಭಾಷೆ ಒರಟು’ ಅಂದಿರಲ್ಲ, ಒರಟು ಅಂದ್ರೆ ಏನು? ‘ಹೋಗ್ತೀಯಾ’ ನುಣುಪು, ‘ಹೊಕ್ಕಿಯೇನ’ ಒರಟಾ? ‘ಕಣೇ’ ಮುದ್ದು, ‘ಏ ಹುಡುಗಿ’ ಅಂದ್ರೆ ಒರಟಾ? ಸಿನಿಮಾದಲ್ಲಿ ನಮ್ಮ ಮಾತು ಎಷ್ಟೋ ವರ್ಷ ನಗಿಸೋ ಪಾತ್ರಕ್ಕೆ, ಕೆಲಸದವರ ಪಾತ್ರಕ್ಕೆ ಮೀಸಲಾಗಿತ್ತು. ಪ್ರೀತಿಯ ಹಾಡಿಗೆ ಬೇಕಾದರೆ ಮೈಸೂರು–ಬೆಂಗಳೂರು ಮಾತು. ಈ ಹುಡುಗರು ನಮ್ಮ ಮಾತನ್ನ ಮೊದಲ ಸಲ ನಾಯಕನ ಬಾಯಿಗೆ ಹಾಕಿದ್ದಾರೆ. ಹಂಸಲೇಖ ಕಟ್ಟೆ ಮೇಲಿನ ಕನ್ನಡವನ್ನ ಸ್ಟುಡಿಯೊಗೆ ತಂದರು ಅಂತ ನೀವು ಹೊಗಳೋದಾದ್ರೆ, ಈ ಹುಡುಗರು ತಮ್ಮ ಕಟ್ಟೆಯ ಕನ್ನಡ ತಂದದ್ದು ಹೇಗೆ ತಪ್ಪಾಗ್ತದೆ?

ಸದ್ದಿನ ದೂರು ಬೇರೆ ವಿಷಯ, ಅದನ್ನ ಬೇರೆಯಾಗೇ ಇಡೋಣ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕಬಾರದು ಅಂತ ಕಾನೂನಿದೆ. ವಸತಿ ಪ್ರದೇಶಕ್ಕೆ ಹಗಲಲ್ಲಿ 55 ಡೆಸಿಬಲ್, ರಾತ್ರಿ 45 ಅಂತ ಮಿತಿಯೂ ಇದೆ. ಟ್ರ್ಯಾಕ್ಟರಿನ ಹಿಂದೆ ಬರೋ ಬೈಕಿನವನ ಹಾರ್ನು ಕೇಳಿಸದೆ ಅಪಘಾತ ಆಗೋ ಹಾಗೆ ಪೆಟ್ಟಿಗೆ ಕಟ್ಟೋದು ತಪ್ಪೇ. ಪೊಲೀಸರು ದಂಡ ಹಾಕಲಿ, ನಾನೂ ಜೊತೆಗೆ ನಿಲ್ತೀನಿ. ಆದ್ರೆ ಗಣಪತಿ ಮೆರವಣಿಗೆಯಲ್ಲಿ ಪ್ರೇಮಲೋಕದ ರೀಮಿಕ್ಸನ್ನ ಅಷ್ಟೇ ಜೋರಾಗಿ ಹಾಕಿದಾಗ ನೀವು ‘ಸೌಂಡ್ ಜಾಸ್ತಿ’ ಅಂತೀರಿ, ‘ಹಾಡು ಚೀಪು’ ಅನ್ನೋದಿಲ್ಲ. ನಮ್ಮ ಹಾಡಿಗೂ ಅಷ್ಟೇ ನ್ಯಾಯ ಕೊಡಿ.

ಇನ್ನೊಂದು ಮಾತು, ‘ಹಳ್ಳಿ ಸೊಗಡು ಹೋಯ್ತು’ ಅಂತ ಕೊರಗೋರಿಗೆ. ನಮ್ಮ ಸೀಮೆಗೆ ಯಂತ್ರ ನಿನ್ನೆ ಬಂದ ನೆಂಟ ಅಲ್ಲ. ಗೋಕಾಕ ಫಾಲ್ಸಿನ ಪಕ್ಕ ಹತ್ತೊಂಬತ್ತನೇ ಶತಮಾನದಲ್ಲೇ ಘಟಪ್ರಭೆಯ ನೀರಿನಿಂದ ನೂಲಿನ ಗಿರಣಿ ತಿರುಗಿತು. ಹುಕ್ಕೇರಿಯಲ್ಲಿ 1969ರಿಂದ ಜನರದೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇದೆ. ರಾಜ್ಯದ ಉಳಿದ ಕಡೆ ಕಂಪನಿಗಳು ಕರೆಂಟ್ ಕೊಟ್ಟರೆ ನಮ್ಮ ತಾಲ್ಲೂಕಿಗೆ ಕರೆಂಟ್ ಕೊಡೋದು ಸದಸ್ಯರ ಸಂಘ. ಗಿರಣಿಯ ಸೈರನ್ನು, ಪಂಪ್‌ಸೆಟ್ಟು, ಕಬ್ಬಿನ ಗಾಣ, ಟ್ರ್ಯಾಕ್ಟರು, ಇವೆಲ್ಲ ನಮ್ಮ ಹಳ್ಳಿಯ ಸದ್ದೇ. ಕೊಳಲು, ಏಕತಾರಿ ಮಾತ್ರ ಹಿಡಿದು ಕೂತ ಹಳ್ಳಿ ಸಾಬೂನಿನ ಜಾಹೀರಾತಿನಲ್ಲಿ ಸಿಗ್ತದೆ. ನೀವು ನಗರದಲ್ಲಿ ಹೊಸ ಫೋನು ಕೊಳ್ಳಬಹುದು, ನಾವು ಮಾತ್ರ ಹಲಗಿ ಬಿಟ್ಟು ಪ್ಯಾಡ್ ಮುಟ್ಟಬಾರದು ಅನ್ನೋದು ಯಾವ ಊರ ನ್ಯಾಯ?

ಹಾಗಾದ್ರೆ ಏನು ಮಾಡಬೇಕು? ನಾನು ಕೇಳೋದು ಮೂರೇ.

ಒಂದು, ಅಳತೆ ಒಂದೇ ಇರಲಿ. ಪ್ರೇಮಲೋಕವನ್ನೇ ಅಳತೆಗೋಲು ಮಾಡ್ರಿ, ನನಗೆ ಅದು ಸಂತೋಷವೇ. ಮಾತು ಬೀಟಿನ ಮೇಲೆ ಸರಿಯಾಗಿ ಬೀಳ್ತದಾ? ಹೋಲಿಕೆ ಹೊಸದಾ? ಯಂತ್ರದ ಸದ್ದನ್ನ ಇವನು ಬಳಸಿದ್ನಾ, ಇಲ್ಲಾ ಯಂತ್ರವೇ ಇವನನ್ನ ಬಳಸ್ತಾ? ಈ ಪ್ರಶ್ನೆಗೆ ನಮ್ಮ ಹುಡುಗರ ಎಷ್ಟೋ ಹಾಡು ಫೇಲ್ ಆಗ್ತವೆ, ಆಗಲಿ. ಕೆಲವು ಪಾಸಾಗ್ತವೆ. ಆ ಕೆಲವನ್ನ ಕೇಳಿಸ್ಕೊಳ್ಳೋ ಕಿವಿ ಇಟ್ಕೊಳ್ರಿ.

ಎರಡು, ಹೆಸರು ಹಾಕ್ರಿ, ದುಡ್ಡು ಕೊಡ್ರಿ. ರೀಲ್ಸಿಗೆ ಹದಿನೈದು ಸೆಕೆಂಡು ಕತ್ತರಿಸಿಕೊಳ್ಳುವಾಗ, ಮದುವೆಯ ವಿಡಿಯೊಗೆ ಹಾಕುವಾಗ ಹಾಡು ಕಟ್ಟಿದವನ, ಕೀಬೋರ್ಡ್ ನುಡಿಸಿದವನ ಹೆಸರು ಬರೀರಿ. ಕ್ಯಾಸೆಟ್ ಕಾಲದಲ್ಲಿ ನಮ್ಮ ಟ್ರ್ಯಾಕ್ಸಿನಲ್ಲಿ ಹಂಸಲೇಖ ಹೆಸರಿಲ್ಲದೆ ಓಡಿದರು. ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ. ಇವತ್ತು ಹೆಸರು ಹಾಕೋಕೆ ಎರಡು ಬೆರಳು ಸಾಕು. ಇದೇ ಮಾತು ನಮ್ಮ ಹುಡುಗರಿಗೂ: ಒಬ್ಬರ ರಾಗ ಇನ್ನೊಬ್ಬರು ಎತ್ತುವಾಗ ಮೊದಲಿನವನ ಹೆಸರು ಹೇಳ್ರಪ್ಪಾ.

ಮೂರು, ವಿಮರ್ಶೆ ಬರೀರಿ. ಪ್ರೇಮಲೋಕದ ಬಗ್ಗೆ ನಾವು ಬರೆದದ್ದೆಲ್ಲ ಹೊಗಳಿಕೆ, ಡಿಜೆ ಜಾನಪದದ ಬಗ್ಗೆ ಬರೆದದ್ದೆಲ್ಲ ಬೈಗುಳ. ಎರಡರಲ್ಲೂ ಕೇಳಿಸ್ಕೊಂಡ ಗುರುತಿಲ್ಲ. ಈ ಬೇಸು ಯಾಕೆ ಹೀಗಿದೆ, ಈ ಪ್ರಾಸ ಎಲ್ಲಿಂದ ಬಂತು, ಈ ಹುಡುಗಿಯ ಪಾತ್ರಕ್ಕೆ ಯಾಕೆ ಮಾತಿಲ್ಲ ಅಂತ ಕೂತು ಬರೆದರೆ ಆ ಕೋಣೆಯ ಹುಡುಗರಿಗೆ ಉಪಯೋಗ ಆಗ್ತದೆ. ಅವರು ಓದ್ತಾರೆ. ಅವರ ಫೋನಿನಲ್ಲೂ ಇಂಟರ್ನೆಟ್ ಇದೆ, ನೀವು ಮರೆತಿರಬಹುದು.

ಪ್ರೇಮಲೋಕ ಬಂದಾಗ ಅದು ಕ್ಲಾಸಿಕ್ ಅಂತ ಯಾರೂ ಹಣೆಪಟ್ಟಿ ಅಂಟಿಸಿ ಕಳಿಸಿರಲಿಲ್ಲ. ಅದು ಹುಡುಗರ ಗದ್ದಲ ಆಗಿತ್ತು. ಕ್ಯಾಸೆಟ್ ಕೊಂಡೋರು, ಟೇಪಿಗೆ ತುಂಬಿಸ್ಕೊಂಡೋರು, ಟ್ರ್ಯಾಕ್ಸಿನ ಡ್ರೈವರ್ ಕಾಕಾನಂಥವರು ಅದನ್ನ ಉಳಿಸಿದರು. ವಿಮರ್ಶಕರು ಆಮೇಲೆ ಬಂದರು, ದಸರಾ ಅದಕ್ಕೂ ಆಮೇಲೆ ಬಂತು. ಇವತ್ತಿನ ಗದ್ದಲದಲ್ಲೂ ಒಂದು ಉಳಿಯೋ ಹಾಡು ಇದ್ದೇ ಇರ್ತದೆ. ಅದು ಬೆಂಗಳೂರಿನ ಸ್ಟುಡಿಯೊದಿಂದಲೂ ಬರಬಹುದು, ಮೂಡಲಗಿಯ ಅಂಗಡಿ ಮೇಲಿನ ಕೋಣೆಯಿಂದಲೂ ಬರಬಹುದು. ಮುಂದಿನ ರಾಜ್ಯೋತ್ಸವಕ್ಕೆ ಪಟ್ಟಿ ಮಾಡುವಾಗ ಅರ್ಧ ನಿಮಿಷಕ್ಕೆ ನಿಲ್ಲಿಸಬೇಡಿ. ಪೂರ್ತಿ ಹಾಡು ಕೇಳ್ರಿ, ಆಮೇಲೆ ಬೈರಿ.